ಅದೇ ಕೆರೆಯ ಮೇಲೆ ಮತ್ತೆ ಹಾರಲಿ ಡ್ರೋನ್

ಮಳೆಗಾಲ ಹಿಡಿದ ಕೂಡಲೇ ಮೇಲಿನಿಂದ ಕಂಡ ಜೋಗ, ಮಂಜು ಕವಿದ ಮುಳ್ಳಯ್ಯನಗಿರಿ ಮೊಬೈಲುಗಳಲ್ಲಿ ಹರಿದಾಡತೊಡಗುತ್ತವೆ. ಹಿಂದೆ ಹೆಲಿಕಾಪ್ಟರ್ ಬಾಡಿಗೆಗೆ ಹಿಡಿಯಬಲ್ಲವರಿಗಷ್ಟೇ ದಕ್ಕುತ್ತಿದ್ದ ನೋಟ ಈಗ ಊರೂರಿನ ಯುವಕ ಯುವತಿಯರ ಕೈಗೆ ಬಂದಿದೆ. ಇದು ಸಂತೋಷದ ಸಂಗತಿಯೇ. ಆದರೆ ಈ ಹವ್ಯಾಸ ಹಿಡಿದಿರುವ ದಾರಿಯ ಬಗ್ಗೆ ನನ್ನದೊಂದು ತಕರಾರಿದೆ. ಇದು ಮುಗಿಯಿತು, ಮುಂದಿನದು ಯಾವುದು ಎಂಬ ಓಟದಲ್ಲಿ ಎಲ್ಲರೂ ಹೆಸರಾದ ಅವೇ ಕೆಲವು ತಾಣಗಳಿಗೆ ಹೋಗಿ ಅದೇ ಚಿತ್ರ ತರುತ್ತಿದ್ದಾರೆ. ತಿರುಗಾಟ ಬೇಡವೆಂದಲ್ಲ. ಆದರೆ ಡ್ರೋನಿಗೆ ನಿಜಕ್ಕೂ ಒಗ್ಗುವುದು ತಮ್ಮದೇ ಸೀಮೆಯ ಒಂದು ಜಾಗಕ್ಕೆ ಋತು ಬದಲಾದಂತೆಲ್ಲ ಮರಳಿ ಹೋಗುವುದು, ವರ್ಷಗಟ್ಟಲೆ ಅದನ್ನೇ ನೋಡುವುದು.

ಬಯಲುಸೀಮೆಯ ಕೆರೆಯನ್ನೇ ತೆಗೆದುಕೊಳ್ಳಿ. ಏರಿಯ ಮೇಲೆ ನಿಂತವರಿಗೆ ನೀರು, ತೂಬು, ಕೆಳಗಿನ ಅಚ್ಚುಕಟ್ಟು ಕಂಡರೆ ಹೆಚ್ಚು. ನೂರು ಮೀಟರ್ ಮೇಲಕ್ಕೆ ಹೋದರೆ ಕೋಲಾರ, ಚಿಕ್ಕಬಳ್ಳಾಪುರದ ಕೆರೆಗಳು ಒಂಟಿ ಕೆರೆಗಳಲ್ಲ ಎಂಬುದು ತಿಳಿಯುತ್ತದೆ. ಮೇಲಿನ ಕೆರೆಯ ಕೋಡಿಯಲ್ಲಿ ಹರಿದ ನೀರು ಹಳ್ಳ ಹಿಡಿದು ಕೆಳಗಿನ ಕೆರೆಗೆ ಇಳಿಯುವ ದಾರಿ, ಆ ದಾರಿಯಲ್ಲೇ ಎದ್ದ ಬಡಾವಣೆ, ಕೆರೆಯಂಗಳಕ್ಕೆ ನುಗ್ಗಿದ ಜಾಲಿ ಎಲ್ಲವೂ ಕಾಣುತ್ತವೆ. ಅದೇ ಎತ್ತರ, ಅದೇ ಕೋನದಿಂದ ಐದು ವರ್ಷ ತೆಗೆದ ಚಿತ್ರಗಳನ್ನು ಸಾಲಾಗಿ ಇಟ್ಟರೆ ಒತ್ತುವರಿ ಯಾವ ಮೂಲೆಯಿಂದ ಶುರುವಾಯಿತೆಂದು ಬೆರಳಿಟ್ಟು ತೋರಿಸಬಹುದು. ಜಿಪಿಎಸ್ ಇರುವುದರಿಂದ ಅದೇ ಬಿಂದುವಿಗೆ ಮರಳುವುದೇನೂ ಕಷ್ಟವಲ್ಲ. 2024ರಲ್ಲಿ ರಾಮ್ಸರ್ ಪಟ್ಟಿ ಸೇರಿದ ಅಘನಾಶಿನಿ ಅಳಿವೆಯಲ್ಲಂತೂ ಬದಲಾವಣೆಗೆ ವರ್ಷಗಳೇ ಬೇಕಿಲ್ಲ. ಉಬ್ಬರದಲ್ಲಿ ಬರೀ ನೀರಾಗಿ ಕಾಣುವ ಕಡೆ ಇಳಿತಕ್ಕೆ ಕೆಸರುದಿಬ್ಬಗಳು ಏಳುತ್ತವೆ, ಕಾಂಡ್ಲಾ ಗಿಡಗಳ ಬುಡ ಬಯಲಾಗುತ್ತದೆ. ಉಪ್ಪುನೀರು ತಾಳುವ ಕಗ್ಗ ಭತ್ತದ ಗಜನಿ ಗದ್ದೆಗಳನ್ನು ಕಾಯುವ ಕಟ್ಟೆ ಎಲ್ಲಿ ಗಟ್ಟಿಯಿದೆ, ಎಲ್ಲಿ ಒಡೆದಿದೆ ಎಂಬುದು ಆಗ ಎದ್ದು ಕಾಣುತ್ತದೆ. ಮಧ್ಯಾಹ್ನ ಬಂದು ಸಂಜೆ ಹೊರಟ ಪ್ರವಾಸಿಗೆ ಇದರಲ್ಲಿ ಅರ್ಧವಷ್ಟೇ ಸಿಕ್ಕೀತು.

ಇದಕ್ಕೆಲ್ಲ ಉಪಗ್ರಹ ಇದೆಯಲ್ಲ ಎನ್ನಬಹುದು. ಯುರೋಪಿನ ಸೆಂಟಿನೆಲ್-2 ಉಪಗ್ರಹಗಳು ಐದು ದಿನಕ್ಕೊಮ್ಮೆ ಹಾದುಹೋಗುತ್ತವೆ, ನಿಜ. ಆದರೆ ಅವುಗಳ ಅತಿ ಸ್ಪಷ್ಟ ಚಿತ್ರದಲ್ಲೂ ಒಂದು ಚುಕ್ಕಿಯೆಂದರೆ ನೆಲದ ಮೇಲೆ ಹತ್ತು ಮೀಟರ್; ತೂಬು, ಕಟ್ಟೆಯ ಬಿರುಕು ಅದರಲ್ಲಿ ಮೂಡುವುದಿಲ್ಲ. ಮುಂಗಾರಿನ ಮೋಡ ಬೇರೆ ಅಡ್ಡ ಬರುತ್ತದೆ. ಮೋಡದ ಕೆಳಗೆ, ಮಳೆ ಬಿಟ್ಟ ಹೊತ್ತಿನಲ್ಲಿ ಹಾರುವ ಡ್ರೋನ್ ಕೆಲವೇ ಸೆಂಟಿಮೀಟರಿನಷ್ಟು ಸಣ್ಣದನ್ನೂ ಹಿಡಿಯುತ್ತದೆ. ಹವ್ಯಾಸವನ್ನು ಸರ್ವೆ ಇಲಾಖೆಯ ಕೆಲಸ ಮಾಡಿಬಿಟ್ಟರೆ ಖುಷಿ ಎಲ್ಲಿ ಉಳಿಯಿತು ಎಂಬ ಪ್ರಶ್ನೆ ಇದಕ್ಕಿಂತ ಗಟ್ಟಿಯಾದದ್ದು. ಫ್ರಾನ್ಸಿನ ಯಾನ್ ಆರ್ತುಸ್-ಬರ್ಟ್ರಾಂಡ್ 1999ರಲ್ಲಿ ಆಕಾಶದಿಂದ ಕಂಡ ಭೂಮಿಯ ಪುಸ್ತಕ ತಂದು ಜಗತ್ತಿಗೆಲ್ಲ ಪರಿಚಿತರಾದರು. ಅವರಿಗೆ ಆ ಕಣ್ಣು ದಕ್ಕಿದ್ದು ದೇಶ ಸುತ್ತಿ ಅಲ್ಲ. 1970ರ ದಶಕದ ಕೊನೆಗೆ ಕೆನ್ಯಾದ ಮಸಾಯಿ ಮಾರಾದಲ್ಲಿ ಸಿಂಹಗಳನ್ನು ವರ್ಷಗಟ್ಟಲೆ ಗಮನಿಸುತ್ತಾ, ಜೀವನಕ್ಕಾಗಿ ಬಿಸಿಗಾಳಿ ಬಲೂನು ನಡೆಸುತ್ತಿದ್ದಾಗ. ಗುರುತಿರುವ ನೆಲದಲ್ಲಿ ಹೊಸದೊಂದು ಕಾಣಿಸಿದಾಗಿನ ಹಿಗ್ಗು ಪಟ್ಟಿಯ ಮುಂದಿನ ತಾಣ ತಲುಪಿದ ಖುಷಿಗಿಂತ ಕಡಿಮೆಯದಲ್ಲ.

ಒಂದೇ ಜಾಗಕ್ಕೆ ಮತ್ತೆ ಮತ್ತೆ ಹೋದರೆ ಅಲ್ಲಿನ ಹಕ್ಕಿಗಳಿಗೆ ಕಾಟ ಹೆಚ್ಚುವುದಿಲ್ಲವೇ ಎಂಬ ಆಕ್ಷೇಪವನ್ನು ಮಾತ್ರ ಹಗುರವಾಗಿ ತಳ್ಳಿಹಾಕುವಂತಿಲ್ಲ. 2021ರ ಮೇ ತಿಂಗಳಲ್ಲಿ ಕ್ಯಾಲಿಫೋರ್ನಿಯಾದ ಬೋಲ್ಸಾ ಚೀಕಾ ಜೌಗಿನಲ್ಲಿ ಡ್ರೋನೊಂದು ಗೂಡುಗಳ ನಡುವೆ ಬಿದ್ದು, ಬೆದರಿದ ರೀವ ಹಕ್ಕಿಗಳು 1,500ಕ್ಕೂ ಹೆಚ್ಚು ಮೊಟ್ಟೆಗಳನ್ನು ಬಿಟ್ಟು ಹಾರಿಹೋದವು. ನಮ್ಮ ರಾಮದೇವರ ಬೆಟ್ಟದ ಉದ್ದಕೊಕ್ಕಿನ ರಣಹದ್ದು ವರ್ಷಕ್ಕೆ ಇಡುವುದೇ ಒಂದು ಮೊಟ್ಟೆ. ಅಲ್ಲಿ ಒಂದೇ ಒಂದು ಹಾರಾಟವೂ ಬೇಡ. ಉಳಿದೆಡೆ, ಗೂಡು ಕಟ್ಟುವ ತಿಂಗಳು ಯಾವುದು, ಹಿಂಡು ಯಾವ ದಡದಲ್ಲಿ ಇಳಿಯುತ್ತದೆ ಎಂಬುದು ತಿಳಿದಿರುವುದು ವರ್ಷವಿಡೀ ಅಲ್ಲಿಗೆ ಹೋಗುವವರಿಗೇ ಹೊರತು ಒಂದು ದಿನಕ್ಕೆ ಬಂದವರಿಗಲ್ಲ. 2021ರ ಡ್ರೋನ್ ನಿಯಮಗಳು ಹಸಿರು ವಲಯದಲ್ಲಿ 120 ಮೀಟರ್‌ವರೆಗೆ ಹಾರಲು ಬಿಡುತ್ತವೆ. ಆ ವಲಯಗಳನ್ನು ಗುರುತಿಸಿದ್ದು ವಾಯುಸಂಚಾರದ ಸುರಕ್ಷತೆಗಾಗಿ, ಹಕ್ಕಿಗಳ ಬಾಣಂತನ ನೋಡಿ ಅಲ್ಲ. ಯಾವ ಕೆರೆಯ ಮೇಲೆ ಯಾವ ತಿಂಗಳು ಹಾರಬಾರದೆಂಬ ಪಟ್ಟಿಯನ್ನು ಅರಣ್ಯ ಇಲಾಖೆ ಕೊಡಬೇಕು, ಹವ್ಯಾಸಿಗಳು ಅದನ್ನು ಕೇಳಿ ಪಡೆಯಬೇಕು. ಬರುವವರೆಗೆ ಊರಿನ ಮೀನುಗಾರರನ್ನೂ ದನ ಕಾಯುವವರನ್ನೂ ವಿಚಾರಿಸಿ ಹಾರಿಸಿದರೂ ಬಹಳಷ್ಟು ಅನಾಹುತ ತಪ್ಪುತ್ತದೆ.