ಅಂಕಗಳ ಹಿಂದೆ ಇರುವುದು ಏನು?

ಪತ್ರಿಕೆಯ ತಲೆಯ ಮೇಲೆ ‘ಗಣಿತ’ ಎಂದು ಬರೆದ ಮಾತ್ರಕ್ಕೆ ಅದು ಗಣಿತವನ್ನೇ ಅಳೆಯುತ್ತದೆ ಎಂದೇನಿಲ್ಲ. ನಾಲ್ಕು ಸಾಲಿನ ವಾಕ್ಯರೂಪದ ಲೆಕ್ಕದಲ್ಲಿ ಸೋತ ಮಗುವಿಗೆ ಬಾರದೇ ಹೋದದ್ದು ಭಾಗಾಕಾರವೋ, ಓದೋ? ಬಿ.ಎಡ್. ಪಠ್ಯಗಳು ಸಪ್ರಮಾಣತೆ ಎಂದು ಕರೆಯುವುದು ಈ ಪ್ರಶ್ನೆಯನ್ನೇ. ಇದನ್ನು ಕೆದಕಿ ನೋಡಲು ಫ್ಯಾಕ್ಟರ್ ಅನಾಲಿಸಿಸ್ ಒಂದು ಒಳ್ಳೆಯ ಉಪಾಯ. ಯಾವ ಪ್ರಶ್ನೆಗಳಲ್ಲಿ ಮಕ್ಕಳು ಒಟ್ಟಿಗೆ ಗೆಲ್ಲುತ್ತಾರೆ, ಯಾವುದರಲ್ಲಿ ಒಟ್ಟಿಗೆ ಸೋಲುತ್ತಾರೆ ಎಂಬ ಸಹಸಂಬಂಧಗಳಿಂದ, ಹಿಂದೆ ಎಷ್ಟು ಸಾಮರ್ಥ್ಯಗಳು ಇದ್ದಾವು ಎಂದು ಅದು ಲೆಕ್ಕ ಹಾಕುತ್ತದೆ. ವಾಕ್ಯರೂಪದ ಲೆಕ್ಕಗಳು ಉಳಿದ ಲೆಕ್ಕಗಳನ್ನು ಬಿಟ್ಟು ಓದಿನ ಪ್ರಶ್ನೆಗಳ ಗುಂಪಿಗೆ ಸೇರಿಕೊಂಡರೆ ಪತ್ರಿಕೆಯನ್ನು ತಿದ್ದಲೇಬೇಕು.

ನನ್ನ ತಕರಾರು ಇರುವುದು ಗುಂಪಿಗೆ ಹೆಸರಿಡುವಲ್ಲಿ. ಒಂದು ವಿಷಯದಲ್ಲಿ ಮುಂದಿರುವ ಮಕ್ಕಳು ಉಳಿದವುಗಳಲ್ಲೂ ಮುಂದಿರುವುದನ್ನು ಕಂಡ ಚಾರ್ಲ್ಸ್ ಸ್ಪಿಯರ್‌ಮನ್, 1904ರಲ್ಲಿ, ಎಲ್ಲದರ ಬೆನ್ನಿಗೂ ಒಂದೇ ‘ಸಾಮಾನ್ಯ ಬುದ್ಧಿ’ ಇದೆ ಎಂದರು. 1916ರಲ್ಲಿ ಗಾಡ್‌ಫ್ರೆ ಥಾಮ್ಸನ್, ಅಂಥದೊಂದು ಇರದೆಯೂ, ನೂರೆಂಟು ಸಣ್ಣ ಸಾಮರ್ಥ್ಯಗಳು ಬೆರೆತರೆ ಅದೇ ಬಗೆಯ ಅಂಕಿಗಳು ಬರುತ್ತವೆಂದು ದಾಳ ಹಾಕಿಯೇ ತೋರಿಸಿದರು. (ಬ್ರಿಟನ್ನಿನ ಮಕ್ಕಳನ್ನು ಹನ್ನೊಂದರ ವಯಸ್ಸಿಗೇ ವಿಂಗಡಿಸಲು ಬಳಕೆಯಾದ ಮೋರೆ ಹೌಸ್ ಪರೀಕ್ಷೆಗಳ ಹಿಂದಿದ್ದವರೂ ಇದೇ ಥಾಮ್ಸನ್!) 1938ರ ಹೊತ್ತಿಗೆ ಷಿಕಾಗೋದ ಥರ್ಸ್ಟನ್ ಏಳು ಮೂಲ ಸಾಮರ್ಥ್ಯಗಳನ್ನು ಎಣಿಸಿದರು. ಅಂಕಿಗಳು ಇಷ್ಟು ಅರ್ಥಗಳಿಗೆ ಎಡೆ ಕೊಡುವುದಾದರೆ ಹೆಸರಿಟ್ಟದ್ದು ಗಣಿತವಲ್ಲ, ಸಂಶೋಧಕ.

ಕೆಲವೊಮ್ಮೆ ಗುಂಪು ಎಂಬುದೇ ಭ್ರಮೆ. ಸರಿ–ತಪ್ಪು ಉತ್ತರಗಳಿಗೆ ಮಾಮೂಲಿ ಸಹಸಂಬಂಧ ಹಚ್ಚಿದರೆ ಸುಲಭದವು ಒಂದೆಡೆ, ಕಠಿಣದವು ಒಂದೆಡೆ ಕೂಡಿ, ಎರಡು ಸಾಮರ್ಥ್ಯಗಳಂತೆ ಕಾಣುತ್ತವೆ. ಪ್ರಶ್ನಾವಳಿಯಲ್ಲಿ ‘ಇಲ್ಲ’, ‘ಅಲ್ಲ’ ಎಂದು ಮುಗಿಯುವ ವಾಕ್ಯಗಳೂ ಹೀಗೆಯೇ ತಮ್ಮದೊಂದು ಗುಂಪು ಕಟ್ಟಿಕೊಳ್ಳುವುದುಂಟು.

ಪರೀಕ್ಷೆ ರೂಪಿಸುವವರು ಯಾವ ಪ್ರಶ್ನೆ ಯಾವ ಸಾಮರ್ಥ್ಯದ್ದೆಂದು ಮೊದಲೇ ಬರೆದಿಟ್ಟು, ಅದು ಸುಳ್ಳಾಗುವ ಅವಕಾಶ ಕೊಡಬೇಕು. 1969ರಲ್ಲಿ ಯೋರೆಸ್ಕೋಗ್ ಅದಕ್ಕೆ ಬೇಕಾದ ವಿಧಾನವನ್ನು ಒದಗಿಸಿದ್ದಾರೆ. ಅದನ್ನೂ ಒಂದೇ ಊರಿನ ಮಕ್ಕಳ ಮೇಲೆ ನಡೆಸಿ ಮುಗಿಸುವಂತಿಲ್ಲ. ಹುಡುಗಿಯರಲ್ಲಿ, ಹುಡುಗರಲ್ಲಿ, ಬೇರೆ ಬೇರೆ ಮಾಧ್ಯಮಗಳಲ್ಲಿ ಅದೇ ರಚನೆ ನಿಲ್ಲುತ್ತದೆಯೇ ಎಂದು ನೋಡಬೇಕು. ಕೆಲವು ಮಕ್ಕಳನ್ನಾದರೂ ಪಕ್ಕಕ್ಕೆ ಕೂರಿಸಿಕೊಂಡು, ಲೆಕ್ಕವನ್ನು ಬಾಯಿಬಿಟ್ಟು ಹೇಳುತ್ತಾ ಮಾಡಿಸಬೇಕು. ಇದಾವುದನ್ನೂ ಮಾಡದೆ ‘ವೈಜ್ಞಾನಿಕವಾಗಿ ದೃಢಪಟ್ಟ ಪರೀಕ್ಷೆ’ ಎನ್ನುವವರಿಂದ ಶಾಲೆಗಳು ಅದನ್ನು ಕೊಳ್ಳದಿರಲಿ.