ಓಟ ಬಿಟ್ಟರೆ ಆಟ ಬಿಟ್ಟಂತೆಯೇ?

ಶಾಲೆಯ ಓಟದಲ್ಲಿ ಮೊದಲು ಬರುತ್ತಿದ್ದ ಹುಡುಗಿ ಮೊಣಕಾಲು ನೋವೆಂದು ಕುಂಟತೊಡಗಿದರೆ ನಮ್ಮಲ್ಲಿ ಎರಡೇ ಮದ್ದು. ಒಂದು, ನೋವಿನ ಗುಳಿಗೆ ನುಂಗಿಸಿ ಮತ್ತೆ ಓಡಿಸುವುದು. ಇನ್ನೊಂದು, ‘ಆಟ ಸಾಕು, ಮನೆಯಲ್ಲಿರು’ ಎನ್ನುವುದು. ಎರಡೂ ತಪ್ಪು.

ಗೊರೇಬಾಳ, ಮಸ್ಕಿಯ ಸುತ್ತಿನ ನೆಲ ನಿಮಗೆ ಗೊತ್ತೇ ಇದೆ. ಬೇಸಿಗೆಯಲ್ಲಿ ಎರೆಭೂಮಿ ಬಿರಿದು ಕಲ್ಲಾಗುತ್ತದೆ. ಅದು ಬೇಡವೆಂದರೆ ಡಾಂಬರು ರಸ್ತೆ. ಓಡುವಾಗ ಪ್ರತಿ ಹೆಜ್ಜೆಗೂ ದೇಹತೂಕದ ಎರಡು-ಮೂರು ಪಟ್ಟು ಭಾರ ಕಾಲಿಗೆ ಬೀಳುತ್ತದೆ. ಮೊಣಕಾಲಿನ ಕೆಳಗಿನ ಎಲುಬಿನಲ್ಲಿ ಒಂದೇ ಜಾಗದಲ್ಲಿ ಬೆರಳಿಟ್ಟರೆ ನೋವು, ರಾತ್ರಿ ಮಲಗಿದಾಗಲೂ ನೋವು ಎಂದರೆ ಎಲುಬಿನಲ್ಲಿ ಕೂದಲೆಳೆಯ ಬಿರುಕು ಇರಬಹುದು. ಮೊದಲ ಎರಡು ವಾರ ಎಕ್ಸ್‌ರೇಯಲ್ಲಿ ಅದು ಕಾಣದೆಯೂ ಹೋಗಬಹುದು. ಹಾಗಾಗಿ ‘ಎಕ್ಸ್‌ರೇ ಸರಿಯಿದೆ’ ಎಂದು ಮತ್ತೆ ಓಡಿಸಬೇಡಿ. ಸಾಮಾನ್ಯವಾಗಿ ಆರರಿಂದ ಎಂಟು ವಾರ ಓಟಕ್ಕೆ ವಿಶ್ರಾಂತಿ ಬೇಕು. ಹೆಣ್ಣುಮಕ್ಕಳಲ್ಲಿ ಮೂರು ತಿಂಗಳು ಮುಟ್ಟು ನಿಂತಿದ್ದರೆ, ಓಟಕ್ಕೆ ತಕ್ಕಷ್ಟು ಊಟ ಸಿಗುತ್ತಿಲ್ಲವೇ ಎಂದು ವೈದ್ಯರಲ್ಲಿ ಕೇಳಿ. ನಾಚಿಕೆಯಿಂದ ಮುಚ್ಚಿಡುವ ವಿಷಯವಲ್ಲ ಇದು.

ಓಟದಿಂದ ಪಳಗಿದ ಹೃದಯ, ಶ್ವಾಸಕೋಶಗಳು ಕಾಲು ನೋವಿನಿಂದ ಹಾಳಾಗುವುದಿಲ್ಲ. ಅವನ್ನು ಬೇರೆ ಆಟಕ್ಕೆ ಒಯ್ಯಬಹುದು. ಇಂಗ್ಲೆಂಡಿನ ಹೆಲೆನ್ ಗ್ಲೋವರ್ ಚಿಕ್ಕವಳಿದ್ದಾಗ ಗುಡ್ಡಗಾಡು ಓಟಗಾರ್ತಿ. ರೋಯಿಂಗ್, ಅಂದರೆ ಹುಟ್ಟು ಹಾಕಿ ದೋಣಿ ನಡೆಸುವ ಸ್ಪರ್ಧೆಗೆ ಆಕೆ ಇಳಿದದ್ದು 2008ರಲ್ಲಿ, ಇಪ್ಪತ್ತು ದಾಟಿದ ಮೇಲೆ. 2012 ಮತ್ತು 2016ರ ಒಲಿಂಪಿಕ್ಸ್‌ನಲ್ಲಿ ಹೆದರ್ ಸ್ಟ್ಯಾನಿಂಗ್ ಜತೆ ಚಿನ್ನ. ಮೂರು ಮಕ್ಕಳ ತಾಯಿಯಾದ ಮೇಲೆ 2024ರ ಪ್ಯಾರಿಸ್‌ನಲ್ಲಿ ಬೆಳ್ಳಿ. ಹದಿನಾರಕ್ಕೇ ‘ವಯಸ್ಸಾಯಿತು’ ಎನ್ನುವ ನಮ್ಮವರು ಇದನ್ನು ಗಮನಿಸಬೇಕು.

ಅಷ್ಟು ದೂರ ಏಕೆ? ಮಹಾರಾಷ್ಟ್ರದ ನಾಸಿಕ್ ಜಿಲ್ಲೆಯ ದತ್ತು ಭೋಕನಳ್ ಬಾವಿ ತೋಡುವ ಕೂಲಿ ಮಾಡಿದವರು. 2012ರಲ್ಲಿ ಸೇನೆ ಸೇರಿದ ಮೇಲೆಯೇ ಹುಟ್ಟು ಹಿಡಿದರು. 2016ರ ರಿಯೊ ಒಲಿಂಪಿಕ್ಸ್‌ನಲ್ಲಿ 13ನೇ ಸ್ಥಾನ, 2018ರ ಏಷ್ಯನ್ ಕ್ರೀಡಾಕೂಟದಲ್ಲಿ ನಾಲ್ವರ ದೋಣಿಯಲ್ಲಿ ಚಿನ್ನ. ನೀರಿಗೆ ಬರವಿದ್ದ ಸೀಮೆಯವರೇ ಅವರೂ.

ರೋಯಿಂಗ್‌ನಲ್ಲಿ ಕುಳಿತೇ ದುಡಿಯುವುದರಿಂದ ನೆಲದ ಹೊಡೆತ ಇರದು. ಆದರೆ ತೋಳಿನ ಆಟವೆಂದು ತಿಳಿಯಬೇಡಿ. ಹೆಚ್ಚಿನ ಬಲ ಬರುವುದು ತೊಡೆಗಳಿಂದ. ಸೊಂಟ ಬಾಗಿಸಿ ಎಳೆದರೆ ಬೆನ್ನಿನ ಕೆಳಭಾಗಕ್ಕೆ ಪೆಟ್ಟು ಖಂಡಿತ. ಅದೇ ಆ ಆಟದ ದೊಡ್ಡ ಕಾಯಿಲೆ.

ಇದನ್ನೋದಿ ಮಕ್ಕಳನ್ನು ಎಡದಂಡೆ ಕಾಲುವೆಗೆ ಇಳಿಸಬೇಡಿ, ಮಾರಾಯರೇ! ಅಲ್ಲಿ ಸೆಳೆತ ಜೋರು, ಹತ್ತಲು ಅಂಚು ಸಿಗದು. ಮೊದಲು ಕಲಿಸುವವರ ಮುಂದೆ ಈಜು. ದೋಣಿ ನಮ್ಮೂರಿಗೆ ಬರುವ ತನಕ ಸೈಕಲ್ ಇದೆಯಲ್ಲ; ವೈದ್ಯರು ಒಪ್ಪಿದರೆ, ನೋವು ಕೆಣಕದಷ್ಟು ತುಳಿಯಲಿ. ದೈಹಿಕ ಶಿಕ್ಷಕರಲ್ಲಿ ನನ್ನದೊಂದು ಕೋರಿಕೆ: ಓಟದ ಪಟ್ಟಿಯಿಂದ ಹೆಸರು ಹೊಡೆಯುವ ದಿನವೇ ಆ ಮಗುವನ್ನು ಬೇರೊಂದು ಆಟದ ಪಟ್ಟಿಗೆ ಸೇರಿಸಿ.