ಅಳದ ಕೂಸಿನ ಮಾತು

ಹಸುಗೂಸು ಅಳದೆ ಮಲಗಿತೆಂದರೆ ‘ಸಾಧು ಮಗು’ ಎಂದು ಹಿಗ್ಗುವುದು ನಮ್ಮ ಮನೆಗಳ ವಾಡಿಕೆ. ಹಿಗ್ಗಿದರೆ ತಪ್ಪೇನೂ ಇಲ್ಲ. ಆದರೆ ಆ ಕೂಸು ಹಾಲನ್ನೂ ಒಲ್ಲದೆ ಸೊರಗತೊಡಗಿದಾಗ ಅದಕ್ಕೆ ದೃಷ್ಟಿಯೆಂದೋ ಬಾಲಗ್ರಹವೆಂದೋ ಹೆಸರಿಟ್ಟುಬಿಡುತ್ತೇವೆ. ನಾನು ವೈದ್ಯನಲ್ಲ, ಭಾಷೆಯ ಅಧ್ಯಾಪಕ. ಆದರೂ ತಪ್ಪು ಹೆಸರೊಂದು ಜೀವವನ್ನೇ ಕಳೆಯಬಲ್ಲುದೆಂಬ ಸಂಗತಿ ನನ್ನನ್ನು ಬಹುಕಾಲದಿಂದ ಕಾಡಿದೆ.

ದೊಡ್ಡವರಿಗೆ ನಂಜೇರಿದರೆ ಸಾಮಾನ್ಯವಾಗಿ ಮೈ ಸುಡುತ್ತದೆ. ಅವರು ನರಳಿ ಹೇಳಿಕೊಳ್ಳುತ್ತಾರೆ. ನವಜಾತ ಶಿಶುವಿನಲ್ಲಿ ಹಾಗಲ್ಲ. ಜ್ವರ ಬರಬಹುದು, ಬಾರದೆ ಮೈ ತಣ್ಣಗಾಗಲೂಬಹುದು. ಚೀಪುವ ಶಕ್ತಿ ಕುಂದುವುದು, ಅಳು ಕ್ಷೀಣಿಸುವುದು, ಎದೆ ಒಳಕ್ಕೆ ಸೆಳೆಯುವುದು, ಉಸಿರು ನಿಮಿಷಕ್ಕೆ 60ನ್ನು ಮುಟ್ಟುವುದು ಅಥವಾ ಮೀರುವುದು: ಇವೇ ಅದರ ಮಾತು. ಅದನ್ನರಿಯದೆ ಒಂದು ರಾತ್ರಿ ಕಾದರೂ ನಂಜು ರಕ್ತದಿಂದ ಮಿದುಳಿನ ಪೊರೆಗೆ ಹರಡಬಹುದು, ಅಂಗಾಂಗಗಳು ಸೋಲಬಹುದು.

ಈ ಮಾತನ್ನರಿಯಲು ದೊಡ್ಡ ವಿದ್ಯೆಯೇ ಬೇಕೆ? ಮಹಾರಾಷ್ಟ್ರದ ಗಡಚಿರೋಲಿಯಲ್ಲಿ ವೈದ್ಯ ದಂಪತಿಗಳಾದ ಅಭಯ್ ಬಂಗ್, ರಾಣಿ ಬಂಗ್ ಅವರು ಬೇಡವೆಂದು ತೋರಿಸಿಕೊಟ್ಟರು. 39 ಹಳ್ಳಿಗಳಲ್ಲಿ ಅಲ್ಲಿಯ ಹೆಣ್ಣುಮಕ್ಕಳಿಗೇ ಕೂಸನ್ನು ಬೆಚ್ಚಗಿಡುವುದನ್ನೂ, ನಂಜಿನ ಲಕ್ಷಣಗಳನ್ನು ಗುರುತಿಸುವುದನ್ನೂ, ಆಸ್ಪತ್ರೆಗೆ ಒಯ್ಯಲು ಮನೆಯವರು ಒಪ್ಪದಿದ್ದಾಗ ಚುಚ್ಚುಮದ್ದು ಕೊಡುವುದನ್ನೂ ಕಲಿಸಿದರು. 1999ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಪ್ರಕಟವಾದ ವರದಿಯಂತೆ, ಮೂರನೆಯ ವರ್ಷಕ್ಕೆ ನವಜಾತ ಶಿಶುಗಳ ಮರಣ, ಹೋಲಿಕೆಗಾಗಿ ಆರಿಸಿದ ಇತರ ಹಳ್ಳಿಗಳಿಗೆ ಎದುರಾಗಿ, ಶೇ. 62ರಷ್ಟು ತಗ್ಗಿತು. ನಂಜು ತಗುಲಿದ ಕೂಸುಗಳಲ್ಲಿ ಮರಣದ ಪ್ರಮಾಣ ಶೇ. 16.6ರಿಂದ 2.8ಕ್ಕೆ ಇಳಿಯಿತು.

ಆಶಾ ಕಾರ್ಯಕರ್ತೆಯರು 42 ದಿನಗಳವರೆಗೆ ಮನೆಗೆ ಬಂದು ಕೂಸನ್ನು ನೋಡಿಹೋಗಬೇಕೆಂದು 2011ರಲ್ಲಿ ಕೇಂದ್ರ ಸರ್ಕಾರ ಮಾಡಿದ ಏರ್ಪಾಡಿನ ಹಿಂದೆ ಈ ಅನುಭವವಿದೆ. ಆದರೆ ಬಾಣಂತಿಯ ಕೋಣೆಗೆ ಹೊರಗಿನವರು ಬರಬಾರದೆಂದು ಆಕೆಯನ್ನು ಹೊಸ್ತಿಲಲ್ಲೇ ನಿಲ್ಲಿಸಿದರೆ ಏರ್ಪಾಡಿನಿಂದ ಫಲವೇನು? ಶುಚಿಯ ಕಾಳಜಿ ಸರಿಯಾದುದೇ. ಆಕೆಗೆ ಕೈ ತೊಳೆಯಲು ನೀರು, ಸಾಬೂನು ಕೊಟ್ಟು ಒಳಗೆ ಕರೆಯೋಣ. ಕೂಸು ಹಾಲು ಬಿಟ್ಟಿತೆಂದರೆ, ತಾಯಿತ ಕಟ್ಟಿಸುತ್ತ ಕೂಡದೆ ಆ ಗಳಿಗೆಯಲ್ಲೇ ಆಸ್ಪತ್ರೆಗೆ ಹೊರಡೋಣ. ಬಾಲಗ್ರಹವೆಂಬ ಪದ ನಿಘಂಟಿನಲ್ಲಿ ಉಳಿಯಲಿ. ತೊಟ್ಟಿಲ ಬಳಿ ಅದಕ್ಕೆ ಕೆಲಸವಿಲ್ಲ.